ಮೇಜರ್ ಆರಿಸಿಕೊಳ್ಳಿ ಅಂತೀರಿ, ಪಾಠ ಮಾಡೋರು ಎಲ್ಲಿ ಸಾರ್?

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸಾರ್. ನಾನು ಮಂಡ್ಯದವಳು. ಮೈಸೂರಿನ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. 2021ರಲ್ಲಿ ಸೇರಿದವರು ನಾವು, ಅಂದರೆ ಎನ್‌ಇಪಿಯ (ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿಯ) ಮೊದಲ ಬ್ಯಾಚು. ಈಗ ನನ್ನ ತಮ್ಮ ಡಿಗ್ರಿಗೆ ಅರ್ಜಿ ಹಾಕುವ ಹೊತ್ತು, ಅವನದು ಎಸ್‌ಇಪಿ, ಅಂದರೆ ರಾಜ್ಯದ ಶಿಕ್ಷಣ ನೀತಿ. ಒಂದೇ ಮನೆಯ ಇಬ್ಬರಿಗೆ ಎರಡು ಥರದ ಡಿಗ್ರಿ. 'ಅಕ್ಕ, ಯಾವ ಸಬ್ಜೆಕ್ಟ್ ತಗೊಳ್ಲಿ' ಅಂತ ಅವನು ಕೇಳುತ್ತಾನೆ. ನಾನು ಏನು ಹೇಳಲಿ? ನಾನು ಓದಿದ ನಿಯಮವೇ ಈಗ ಇಲ್ಲ.

ಎನ್‌ಇಪಿ ಒಳ್ಳೆಯದೋ ಎಸ್‌ಇಪಿ ಒಳ್ಳೆಯದೋ ಅನ್ನೋ ಜಗಳಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ಜಗಳ ಟೀವಿಯಲ್ಲಿ ಬೇಕಾದಷ್ಟು ಆಗಿದೆ. 2021-22ರಲ್ಲಿ ದೇಶದಲ್ಲೇ ಮೊದಲು ಎನ್‌ಇಪಿ ಜಾರಿ ಮಾಡಿದ ರಾಜ್ಯ ನಮ್ಮದು ಅಂತ ಆಗಿನ ಸರ್ಕಾರ ಹೆಮ್ಮೆಪಟ್ಟಿತು. 2024ರ ಮೇ ತಿಂಗಳಲ್ಲಿ, ರಾಜ್ಯದ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಅವರ ಆಯೋಗ ಕೊಟ್ಟ ಮಧ್ಯಂತರ ವರದಿ ನೋಡಿ ಈಗಿನ ಸರ್ಕಾರ ನಾಲ್ಕು ವರ್ಷದ ಡಿಗ್ರಿ ತೆಗೆದು ಮತ್ತೆ ಮೂರು ವರ್ಷ, ಮೂರು ಸಬ್ಜೆಕ್ಟು ಅಂದಿತು. ಎರಡೂ ಸಲ ಕಾಲೇಜಿಗೆ ಸುತ್ತೋಲೆ ಬಂತು. ಎರಡೂ ಸಲ ಮೇಷ್ಟ್ರು ಮಾತ್ರ ಬರಲಿಲ್ಲ. ನಾನು ಹೇಳಬೇಕಾಗಿರುವುದು ಇದನ್ನೇ.

ನಮಗೆ ಹೇಳಿದ್ದು ಏನು ನೆನಪಿದೆಯಾ? ಎರಡು ಸಬ್ಜೆಕ್ಟ್ ಆರಿಸಿಕೊಳ್ಳಿ, ಮೂರನೇ ವರ್ಷದಲ್ಲಿ ಒಂದನ್ನು ಮೇಜರ್ (ಮುಖ್ಯ ವಿಷಯ) ಮಾಡಿಕೊಳ್ಳಿ, ಇನ್ನೊಂದನ್ನು ಮೈನರ್ (ಪೂರಕ ವಿಷಯ) ಮಾಡಿಕೊಳ್ಳಿ, ಬೇಕಾದರೆ ಎರಡನ್ನೂ ಮೇಜರ್ ಮಾಡಿಕೊಳ್ಳಿ. ಜೊತೆಗೆ ಓಪನ್ ಎಲೆಕ್ಟಿವ್ ಅಂತ ನಿಮ್ಮ ವಿಭಾಗದ ಹೊರಗಿನ ಒಂದು ಪೇಪರ್. ವಿಜ್ಞಾನದವರು ಇತಿಹಾಸ ಓದಬಹುದು, ಕಾಮರ್ಸಿನವರು ಸೈಕಾಲಜಿ ಓದಬಹುದು. ಕೇಳುವುದಕ್ಕೆ ತುಂಬ ಚೆನ್ನಾಗಿತ್ತು, ನಿಜ ಹೇಳಬೇಕೆಂದರೆ ನನಗೆ ಈಗಲೂ ಆ ಯೋಚನೆ ಇಷ್ಟವೇ.

ಆದರೆ ಕಾಲೇಜಿನಲ್ಲಿ ನಡೆದದ್ದು ಬೇರೆ. ನೋಟಿಸ್ ಬೋರ್ಡಿನಲ್ಲಿ ಓಪನ್ ಎಲೆಕ್ಟಿವ್‌ಗಳ ಉದ್ದ ಪಟ್ಟಿ ಹಾಕಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಸೈಕಾಲಜಿ ಬೇಕು ಅಂತ ಬರೆದುಕೊಟ್ಟವರನ್ನೆಲ್ಲ ಕರೆದು, ಅದಕ್ಕೆ ಲೆಕ್ಚರರ್ ಇಲ್ಲ, ಎಲ್ಲರೂ ಇದನ್ನೇ ತಗೊಳ್ಳಿ ಅಂತ ಒಂದು ಪೇಪರ್ ಕೊಟ್ಟರು. ಅದನ್ನು ಪಾಠ ಮಾಡಿದವರು ಬೇರೆ ವಿಭಾಗದವರು, ಪಾಪ, ಅವರೂ ಹಿಂದಿನ ರಾತ್ರಿ ಓದಿಕೊಂಡು ಬರುತ್ತಿದ್ದರು. ಮೂರನೇ ವರ್ಷಕ್ಕೆ ನನಗೆ ಗಣಿತ ಮೇಜರ್, ಭೌತಶಾಸ್ತ್ರ ಮೈನರ್ ಬೇಕಾಗಿತ್ತು. ತರಗತಿ ಒಡೆದರೆ ಟೈಮ್‌ಟೇಬಲ್ ಕೂರುವುದಿಲ್ಲ, ಎಲ್ಲರಿಗೂ ಒಂದೇ ಅಂದರು. ಅಲ್ಲಿಗೆ ನನ್ನ ಆಯ್ಕೆ ಮುಗಿಯಿತು.

ಕಾಲೇಜಿನವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಒಳಗೆ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತಿರಬೇಕು, ಆದರೂ ಒಬ್ಬ ವಿದ್ಯಾರ್ಥಿನಿಗೆ ಅದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಅವರಿಗೆ ಕೆಲಸ ಸಿಗುವುದು ವರ್ಕ್‌ಲೋಡ್ ಲೆಕ್ಕದಲ್ಲಿ. ವಾರಕ್ಕೆ ಇಷ್ಟು ಗಂಟೆ ಪಾಠ ಇದ್ದರೆ ಇಷ್ಟು ಜನ. ಒಂದು ಸಬ್ಜೆಕ್ಟಿಗೆ ಹುಡುಗರು ಕಡಿಮೆಯಾದರೆ ಗಂಟೆ ಕಡಿಮೆ, ಗಂಟೆ ಕಡಿಮೆಯಾದರೆ ಮುಂದಿನ ವರ್ಷ ಆ ಮೇಷ್ಟ್ರಿಗೆ ಕೆಲಸವೇ ಇಲ್ಲ. ಹೀಗಿರುವಾಗ ಅಡ್ಮಿಷನ್ ದಿನ ನಾವು ಹೋಗಿ 'ಸಾರ್, ನನಗೆ ಯಾವ ಸಬ್ಜೆಕ್ಟ್ ಒಳ್ಳೇದು' ಅಂತ ಕೇಳಿದರೆ ಅವರು ಏನು ತಾನೇ ಹೇಳಬೇಕು? ತಮ್ಮದನ್ನೇ ಹೇಳುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. 2021ರ ಕೊನೆಯಲ್ಲಿ ಒಂದು ಸಲ, 2023ರ ಕೊನೆಯಲ್ಲಿ ಇನ್ನೊಂದು ಸಲ ಅವರು ತರಗತಿ ಬಿಟ್ಟು ಧರಣಿ ಕೂತರು. ಎರಡೂ ನಮ್ಮ ಮೂರು ವರ್ಷದೊಳಗೇ ಬಂತು. ಸಿಲೆಬಸ್ ಪೂರ್ತಿಯಾಗದೆ ಪರೀಕ್ಷೆ ಬರೆದೆವು. ಅವರ ಬೇಡಿಕೆ ನ್ಯಾಯವಾದದ್ದೇ, ಅದರಲ್ಲಿ ನನಗೆ ಅನುಮಾನ ಇಲ್ಲ.

ಇನ್ನು ಮೂರು ಸಬ್ಜೆಕ್ಟಿನ ವಿಷಯ. ಹಳೆಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಥರ ಮೂರು ಸಬ್ಜೆಕ್ಟ್ ವಾಪಸ್ ತಂದಿದ್ದು ನಮ್ಮ ಕಡೆಯ ಮಕ್ಕಳಿಗೆ ಒಂದು ರೀತಿಯಲ್ಲಿ ಒಳ್ಳೆಯದೇ. ಯಾಕೆಂದರೆ ಮಂಡ್ಯ, ಮದ್ದೂರು, ಪಾಂಡವಪುರದ ಹಳ್ಳಿಗಳಿಂದ ಬಿ.ಎಸ್ಸಿ.ಗೆ ಬರುವ ಹೆಣ್ಣುಮಕ್ಕಳಲ್ಲಿ ಬಹಳ ಜನರ ಲೆಕ್ಕ ಒಂದೇ: ಡಿಗ್ರಿ, ಆಮೇಲೆ ಬಿ.ಎಡ್., ಆಮೇಲೆ ಮೇಷ್ಟ್ರ ಕೆಲಸ. ಆ ದಾರಿಯಲ್ಲಿ ಡಿಗ್ರಿಯಲ್ಲಿ ಯಾವ ಯಾವ ಸಬ್ಜೆಕ್ಟ್ ಓದಿದ್ದೀರಿ ಅನ್ನುವುದನ್ನು ನೋಡುತ್ತಾರೆ. ಹಾಗಾದರೆ ಎರಡೇ ಸಬ್ಜೆಕ್ಟ್ ಓದಿ ಹೊರಗೆ ಬಂದ ನಮ್ಮ ಬ್ಯಾಚುಗಳ ಕಥೆ ಏನು? 2021, 22, 23ರಲ್ಲಿ ಸೇರಿದ ಮೂರು ಬ್ಯಾಚು. ಕೆಮಿಸ್ಟ್ರಿ ಬಿಟ್ಟು ಭೌತಶಾಸ್ತ್ರ, ಗಣಿತ ಓದಿದವಳು ಹೈಸ್ಕೂಲಿನ ವಿಜ್ಞಾನದ ಹುದ್ದೆಗೆ ಅರ್ಜಿ ಹಾಕಬಹುದಾ? ಕಾಲೇಜಿನಲ್ಲಿ ಕೇಳಿದರೆ ಹಾಕಬಹುದು ಅನ್ನುತ್ತಾರೆ, ಕೋಚಿಂಗ್ ಸೆಂಟರಿನಲ್ಲಿ ಆಗಲ್ಲ ಅನ್ನುತ್ತಾರೆ, ಸೈಬರ್ ಸೆಂಟರಿನವನು ಹಾಕಿ ನೋಡೋಣ ಮೇಡಂ ಅನ್ನುತ್ತಾನೆ. ನಿಯಮ ಬದಲಾಯಿಸುವಾಗ, ಹಳೇ ನಿಯಮದಲ್ಲಿ ಓದಿದವರು ಯಾವ ಹುದ್ದೆಗೆ ಅರ್ಹರು, ಯಾವುದಕ್ಕೆ ಅಲ್ಲ ಅಂತ ಒಂದು ಪುಟ ಬರೆದು ಅದರ ಜೊತೆಗೇ ಕಳಿಸುವುದು ಅಷ್ಟು ಕಷ್ಟವಾ ಸಾರ್?

ಇನ್ನೊಂದು ವಿಷಯ ಇದೆ, ಇದು ನಿಮ್ಮ ಇಲಾಖೆಯದಲ್ಲ ಅಂತ ನೀವು ಹೇಳಬಹುದು. ಪಿಯುಸಿ ಶಾಲಾ ಶಿಕ್ಷಣ ಇಲಾಖೆಗೆ ಸೇರಿದ್ದು, ಅದಕ್ಕೆ ಬೇರೆ ಸಚಿವರು. ಡಿಗ್ರಿ ನಿಮ್ಮದು. ಆದರೆ ಡಿಗ್ರಿಯ ಬಾಗಿಲು ಮುಚ್ಚಿಹೋಗುವುದು ಪಿಯುಸಿಯಲ್ಲೇ. ಎಸ್ಸೆಸ್ಸೆಲ್ಸಿ ಮುಗಿಸಿದ ಹದಿನಾರು ವರ್ಷದ ಹುಡುಗ ಒಂದು ಫಾರಂನಲ್ಲಿ ಪಿಸಿಎಂಬಿ, ಪಿಸಿಎಂಸಿ, ಹೆಚ್‌ಇಬಿಎ, ಹೆಚ್‌ಇಪಿಎಸ್ ಅನ್ನೋ ನಾಲ್ಕು ಅಕ್ಷರಗಳ ಮುಂದೆ ಟಿಕ್ ಹಾಕುತ್ತಾನೆ, ಒಂದೊಂದು ಅಕ್ಷರ ಒಂದೊಂದು ಸಬ್ಜೆಕ್ಟು. ಅದರ ಬೆಲೆ ಅವನಿಗೆ ಗೊತ್ತಾಗುವುದು ಎರಡು ವರ್ಷ ಆದ ಮೇಲೆ, ನಿಮ್ಮ ಬಾಗಿಲಿಗೆ ಬಂದಾಗ.

ನಮ್ಮ ಚಿಕ್ಕಪ್ಪನ ಮಗನನ್ನೇ ತೆಗೆದುಕೊಳ್ಳಿ. ಅವರದು ಕಬ್ಬು ಬೆಳೆಯುವ ಮನೆ. ಕಂಪ್ಯೂಟರ್ ಇದ್ದರೆ ಕೆಲಸ ಗ್ಯಾರಂಟಿ ಅಂತ ಯಾರೋ ಹೇಳಿದರು, ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ತೆಗೆದುಕೊಂಡ. ಎರಡನೇ ವರ್ಷದ ಹೊತ್ತಿಗೆ ಅವನಿಗೆ ಅಗ್ರಿ ಬಿ.ಎಸ್ಸಿ. ಓದಬೇಕು ಅನ್ನಿಸಿತು. ಸಿಇಟಿಯಲ್ಲಿ ರೈತರ ಮಕ್ಕಳಿಗೆ ಅಂತಲೇ ಬೇರೆ ಸೀಟುಗಳಿವೆ, ಪ್ರಾಕ್ಟಿಕಲ್ ಪರೀಕ್ಷೆಯೂ ಇದೆ. ಅವನಿಗಿಂತ ಚೆನ್ನಾಗಿ ಗದ್ದೆ ಗೊತ್ತಿರುವ ಹುಡುಗ ಆ ಪರೀಕ್ಷೆಗೆ ಸಿಗುವುದು ಕಷ್ಟ. ಆದರೆ ಬಯಾಲಜಿ ಓದಿಲ್ಲ, ಹಾಗಾಗಿ ಅರ್ಜಿಯೇ ಹಾಕುವ ಹಾಗಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಶ್ವವಿದ್ಯಾಲಯ ಮಾಡುತ್ತೇವೆ ಅಂತ ನಿಮ್ಮ ಸರ್ಕಾರವೇ ಹೇಳಿದೆ, ಸಂತೋಷ. ಅದರ ಬೇಲಿ ಪಕ್ಕದ ಊರಿನ ಹುಡುಗನಿಗೆ ಹತ್ತನೇ ಕ್ಲಾಸಿನಲ್ಲೇ ಇದನ್ನು ಹೇಳೋರು ಯಾರು?

ಹೇಳೋರು ಇದ್ದಾರೆ ಅನ್ನಿ. ರಿಸಲ್ಟ್ ಬಂದ ವಾರ ಮನೆಗೆ ಫೋನ್ ಮಾಡುವವರು, ಬಾಗಿಲಿಗೆ ಬಂದು ಪಾಂಪ್ಲೆಟ್ ಕೊಡುವವರು ಖಾಸಗಿ ಕಾಲೇಜಿನವರು. ಅವರ ಪಾಂಪ್ಲೆಟ್ಟಿನಲ್ಲಿ ನೀಟ್, ಜೆಇಇ ಬಿಟ್ಟರೆ ಬೇರೆ ಜಗತ್ತೇ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ, ಮಾತು ಮತ್ತು ಕಿವಿಯ ತೊಂದರೆಗೆ ಚಿಕಿತ್ಸೆ ಕೊಡುವುದನ್ನು ಪಿಯುಸಿ ಸೈನ್ಸ್ ಆದವರಿಗೆ ಡಿಗ್ರಿಯಾಗಿ ಕಲಿಸುತ್ತಾರೆ. ಅಲ್ಲೇ ಆರ್‌ಐಇ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಇದೆ, ಡಿಗ್ರಿ ಮತ್ತು ಬಿ.ಎಡ್. ಎರಡೂ ಸೇರಿ ನಾಲ್ಕೇ ವರ್ಷ. ದೇಶದ ಬೇರೆ ಬೇರೆ ಕಡೆಯಿಂದ ಮಕ್ಕಳು ಇಲ್ಲಿಗೆ ಬಂದು ಓದುತ್ತಾರೆ. ಗೇಟಿನ ಮುಂದೆ ಸಿಟಿ ಬಸ್ಸಿನಲ್ಲಿ ಹೋಗುವ ನಮಗೆ ಅದರ ಪ್ರವೇಶ ಪರೀಕ್ಷೆ ಯಾವಾಗ ಅಂತ ಗೊತ್ತಿರುವುದಿಲ್ಲ. ನನಗೆ ಆರ್‌ಐಇ ವಿಷಯ ಗೊತ್ತಾಗಿದ್ದು ಡಿಗ್ರಿ ಎರಡನೇ ವರ್ಷದಲ್ಲಿ. ಆರ್ಟ್ಸ್ ತಗೊಂಡರೆ ಕೆಟ್ಟೆ ಅಂತ ಅಳುವ ಮಕ್ಕಳಿಗೆ, ಐದು ವರ್ಷದ ಲಾ ಕೋರ್ಸಿಗೂ ಸಿಎ ಫೌಂಡೇಶನ್ನಿಗೂ ಯಾವ ಪಿಯುಸಿ ಆದರೂ ನಡೆಯುತ್ತದೆ, ಕೆಎಎಸ್‌ಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ ಅಂತ ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಸರ್ಕಾರಿ ಶಾಲೆಯಲ್ಲಿ ಯಾರಿಗೂ ಸಿಗುತ್ತಿಲ್ಲ.

ಹಾಗಾಗಿ ನನ್ನ ಕೋರಿಕೆ ದೊಡ್ಡದೇನಲ್ಲ. ಹೊಸ ನೀತಿ ಬೇಡ. ಇರುವುದು ಇರಲಿ, ಆದರೆ ಡಿಗ್ರಿ ಪ್ರವೇಶದ ಯುಯುಸಿಎಂಎಸ್ ವೆಬ್‌ಸೈಟಿನಲ್ಲಿ ಅರ್ಜಿ ಶುರುವಾಗುವ ಮೊದಲು ಪ್ರತಿ ಸರ್ಕಾರಿ ಕಾಲೇಜೂ ಈ ವರ್ಷ ನಿಜವಾಗಿ ಯಾವ ಸಬ್ಜೆಕ್ಟಿಗೆ ಪಾಠ ನಡೆಯುತ್ತದೆ, ಅದಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ, ಅತಿಥಿ ಉಪನ್ಯಾಸಕರು ಇದ್ದಾರಾ, ಯಾರೂ ಇಲ್ಲವಾ ಅಂತ ಬರೆದು ಹಾಕುವ ಹಾಗೆ ಮಾಡಿ. ನಾಚಿಕೆ ಆಗುತ್ತದೆ ಅಂದರೆ ಆಗಲಿ. ಪಾಠ ಇಲ್ಲದ ಸಬ್ಜೆಕ್ಟನ್ನು ಪಟ್ಟಿಯಲ್ಲಿ ತೋರಿಸಿ ಸೇರಿಸಿಕೊಳ್ಳುವುದು ಅದಕ್ಕಿಂತ ಜಾಸ್ತಿ ನಾಚಿಕೆಯ ಕೆಲಸ ಅಲ್ವಾ?

ಮೈಸೂರಿನಲ್ಲಿ ಇನ್ನೊಂದು ಸುಲಭದ ದಾರಿ ಇದೆ. ಮಹಾರಾಜ ಕಾಲೇಜು ಕಲೆಗೆ, ಯುವರಾಜ ಕಾಲೇಜು ವಿಜ್ಞಾನಕ್ಕೆ. ಎರಡೂ 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ ಕಾಲೇಜುಗಳೇ, ನಡೆದುಕೊಂಡು ಹೋಗುವಷ್ಟು ಹತ್ತಿರ. ಅರ್ಥಶಾಸ್ತ್ರ ಓದುವವನು ಅಲ್ಲಿಂದ ಇಲ್ಲಿಗೆ ಬಂದು ಸ್ಟಾಟಿಸ್ಟಿಕ್ಸ್ ಮೈನರ್ ಮಾಡಲಿ, ಬಾಟನಿಯವಳು ಅಲ್ಲಿಗೆ ಹೋಗಿ ಇತಿಹಾಸ ಓದಲಿ, ಅಂಕ ಒಂದೇ ಅಂಕಪಟ್ಟಿಯಲ್ಲಿ ಬರಲಿ. ಊರಿನ ಸರ್ಕಾರಿ ಕಾಲೇಜುಗಳ ಮಕ್ಕಳಿಗೂ ಅದೇ ಅವಕಾಶ ಕೊಡಿ. ಪ್ರತಿ ಕಾಲೇಜಿಗೆ ಪ್ರತಿ ಸಬ್ಜೆಕ್ಟಿನ ಮೇಷ್ಟ್ರನ್ನು ಕೊಡಲು ದುಡ್ಡಿಲ್ಲ ಅಂದರೆ, ಇರುವ ಮೇಷ್ಟ್ರನ್ನಾದರೂ ಹಂಚಿಕೊಳ್ಳೋಣ. ಮೊದಲು ಮೈಸೂರಲ್ಲಿ ಮಾಡಿ, ಸರಿಹೋದರೆ ಮಂಡ್ಯಕ್ಕೆ ತನ್ನಿ. ಮಂಡ್ಯ ವಿಶ್ವವಿದ್ಯಾಲಯ ಉಳಿಯುತ್ತದೋ ಮೈಸೂರಿಗೆ ಸೇರುತ್ತದೋ ಅನ್ನೋದನ್ನೂ ದಯವಿಟ್ಟು ಬೇಗ ಹೇಳಿಬಿಡಿ. 2025ರಿಂದ ಆ ಮಾತು ಓಡಾಡುತ್ತಿದೆ, ಅಂಕಪಟ್ಟಿಯ ಮೇಲೆ ಯಾವ ಹೆಸರು ಬರುತ್ತದೆ ಅಂತ ಗೊತ್ತಿಲ್ಲದೆ ಸೇರುವುದಕ್ಕೆ ಅಪ್ಪ ಅಮ್ಮಂದಿರು ಹೆದರುತ್ತಾರೆ.

ಆ ಪಿಯುಸಿ ಫಾರಂ ವಿಷಯ ಮಾತ್ರ ನೀವೂ ಶಾಲಾ ಶಿಕ್ಷಣ ಸಚಿವರೂ ಒಟ್ಟಿಗೆ ಕೂತು ಬಗೆಹರಿಸಬೇಕು. ಇಬ್ಬರ ಕಚೇರಿಯೂ ಒಂದೇ ವಿಧಾನಸೌಧದ ಕಡೆಯೇ ಇರುವುದರಿಂದ ಅದು ನಮ್ಮ ಹುಡುಗರು ಮಂಡ್ಯದಿಂದ ಮೈಸೂರಿಗೆ ದಿನಾ ಟ್ರೇನಿನಲ್ಲಿ ಓಡಾಡುವಷ್ಟು ಕಷ್ಟ ಆಗಲಾರದು. ಯಾವ ಕಾಂಬಿನೇಷನ್ ತಗೊಂಡರೆ ಯಾವ ಕೋರ್ಸಿಗೆ ಹೋಗಬಹುದು, ಯಾವುದಕ್ಕೆ ಆಗುವುದಿಲ್ಲ ಅಂತ ಕನ್ನಡದಲ್ಲಿ ಒಂದು ಹಾಳೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಡುವ ದಿನ ಅದರ ಜೊತೆಗೇ ಕೊಟ್ಟರೆ ಸಾಕು. ಮುಂದಿನ ಫಲಿತಾಂಶದ ಹೊತ್ತಿಗೆ ಅದು ಸಿದ್ಧವಾಗಲಿ. ಬರೆಯಲು ಜನ ಬೇಕಿದ್ದರೆ ಹೇಳಿ, ನಮ್ಮ ಬ್ಯಾಚಿನವರು ಸಂಬಳ ಇಲ್ಲದೆ ಬಂದು ಕೂರುತ್ತೇವೆ, ಹೇಗೂ ಬಹಳ ಜನಕ್ಕೆ ಇನ್ನೂ ಕೆಲಸ ಸಿಕ್ಕಿಲ್ಲ.

ಇಂತಿ,
ಎನ್‌ಇಪಿ ಮೊದಲ ಬ್ಯಾಚಿನ ವಿದ್ಯಾರ್ಥಿನಿ,
ಮಂಡ್ಯ