ರಾಕ್ ಸಂಗೀತಕ್ಕೂ ಒಂದು ಸಂಜೆ ಕೊಡಿ

ಹುಬ್ಬಳ್ಳಿ–ಧಾರವಾಡದಲ್ಲಿ ರಾಕ್ ಸಂಗೀತ ಕೇಳುವವರು ಕಡಿಮೆಯೇನಿಲ್ಲ, ಆದರೆ ಅವರಿಗೊಂದು ಕಾಯಂ ವೇದಿಕೆ ಇಲ್ಲ. ಹುಡುಗರ ಹುಚ್ಚು ಎಂದು ಸುಮ್ನೆ ತಳ್ಳಿಹಾಕುವವರೇ ಜಾಸ್ತಿ. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಐರನ್ ಮೇಡನ್ ಎಂಬ ರಾಕ್ ತಂಡಕ್ಕೆ ಈಗ ಐವತ್ತು ತುಂಬಿದೆ. ಅದನ್ನು ಕಟ್ಟಿದ ಸ್ಟೀವ್ ಹ್ಯಾರಿಸ್ ಇವತ್ತಿಗೂ ಬರಿ ಬೆರಳಲ್ಲೇ ಬಾಸ್ ಗಿಟಾರ್ ನುಡಿಸುತ್ತಾರೆ. ಕುದುರೆ ಓಟದಂಥ ಆ ಲಯ ಕಿವಿಗೆ ಬಿದ್ದರೆ ಸಾಕು, ಹಾಡು ಯಾರದೆಂದು ಗೊತ್ತಾಗುತ್ತದೆ. ಗಾಯಕ ಬ್ರೂಸ್ ಡಿಕಿನ್ಸನ್ ನಾಲಿಗೆಯ ಕ್ಯಾನ್ಸರ್ ಗೆದ್ದು 2016ರಲ್ಲಿ ಮತ್ತೆ ವೇದಿಕೆ ಏರಿದರು. ಇಂಥವರ ಅಭಿಮಾನ ವಯಸ್ಸಾದಂತೆ ಬಿಟ್ಟುಹೋಗುವುದುಂಟೇ?

2007ರಲ್ಲಿ ತಂಡ ಬೆಂಗಳೂರಿಗೆ ಬಂದಾಗ ಗೆಳೆಯರೆಲ್ಲ ರಾತ್ರಿ ರೈಲು ಹತ್ತಿದ್ದೆವು. ಅಂದು ಕೊಂಡ ಕಪ್ಪು ಟೀ ಶರ್ಟ್ ಈಗ ನನ್ನ ಮಗಳದು. ಎದೆಯ ಮೇಲಿನ, ತಂಡದ ಲಾಂಛನವಾದ ಎಡ್ಡಿ ಎಂಬ ಭೂತದ ಚಿತ್ರ ಅರ್ಧ ಉದುರಿದ್ದರೂ ಅವಳು ಬಿಟ್ಟುಕೊಡುವುದಿಲ್ಲ.

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರನ್ನು ಕೇಳಿ ಬೆಳೆದ ಊರಿಗೆ ಒಳ್ಳೆಯ ಸಂಗೀತ ಯಾವುದೂ ಪರಕೀಯವಲ್ಲ, ಅಲ್ವಾ? ಸವಾಯಿ ಗಂಧರ್ವ ಕಲಾಭವನವನ್ನು ತಿಂಗಳಿಗೊಂದು ಸಂಜೆ ಕಡಿಮೆ ಬಾಡಿಗೆಗೆ ಸ್ಥಳೀಯ ಬ್ಯಾಂಡ್‌ಗಳಿಗೆ ಕೊಡಲಿ. ರಾತ್ರಿ ಹತ್ತರೊಳಗೆ ಮುಗಿಸುವ ಷರತ್ತು ಹಾಕಿದರೆ ಅಕ್ಕಪಕ್ಕದವರಿಗೂ ತೊಂದರೆ ಇರದು.

– ಓದುಗ, ಧಾರವಾಡ