ಭಾನುವಾರದ ಚರ್ಚೆ: ವಿದೇಶದ ಹುದ್ದೆ ಮತ್ತು ಮಹಿಳಾ ವ್ಯವಸ್ಥಾಪಕರು

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10.30ಕ್ಕೆ ಮೈಸೂರಿನ ಸರಸ್ವತಿಪುರಂನಲ್ಲಿ ನಾವು ಎಂದಿನಂತೆ ಸೇರುವ ಜಾಗದಲ್ಲಿ, ಹಿರಿಯ ವ್ಯವಸ್ಥಾಪಕರ ಅಂತರರಾಷ್ಟ್ರೀಯ ವೃತ್ತಿಜೀವನದಲ್ಲಿ ಗಂಡು-ಹೆಣ್ಣಿನ ನಡುವೆ ಉಳಿದಿರುವ ಅಂತರವನ್ನು ಕುರಿತು ಚರ್ಚೆ ನಡೆಯಲಿದೆ. ಹೆಬ್ಬಾಳ, ಕೂರ್ಗಳ್ಳಿ ಭಾಗದ ಕಂಪನಿಗಳಲ್ಲಿ ವಿದೇಶಕ್ಕೆ ಯಾರನ್ನು ಕಳುಹಿಸಬೇಕೆಂದು ತೀರ್ಮಾನಿಸುವ ಸ್ಥಾನದಲ್ಲಿರುವವರು ದಯವಿಟ್ಟು ತಪ್ಪಿಸಬೇಡಿ.

ಹೆಣ್ಣುಮಕ್ಕಳಿಗೆ ವಿದೇಶದ ಹುದ್ದೆಯಲ್ಲಿ ಆಸಕ್ತಿಯಿಲ್ಲ ಎಂಬ ಮಾತು ಸುಳ್ಳೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ನಿರ್ವಹಣಾಶಾಸ್ತ್ರ ಸಂಶೋಧಕಿ ನ್ಯಾನ್ಸಿ ಆಡ್ಲರ್ ಅವರು 1984ರಲ್ಲೇ, ಎಂಬಿಎ ಮುಗಿಸುತ್ತಿದ್ದವರ ಸಮೀಕ್ಷೆಯಿಂದ ತೋರಿಸಿದ್ದರು. ಕಳುಹಿಸುವ ಕಂಪನಿಗಳ ಹಿಂಜರಿಕೆಯೇ ದೊಡ್ಡ ಅಡ್ಡಿಯಾಗಿತ್ತು. ಇಂದಿಗೂ “ಮಗು ಚಿಕ್ಕದು, ಒಪ್ಪಲಾರರು” ಎಂದು, ಆಕೆಯನ್ನು ಒಂದು ಮಾತು ಕೇಳದೆಯೇ ಹೆಸರನ್ನು ಪಟ್ಟಿಯಿಂದ ಕೈಬಿಡುವುದುಂಟು. ಅದೇ ವಯಸ್ಸಿನ ಮಗುವಿರುವ ಪುರುಷ ಸಹೋದ್ಯೋಗಿಗೆ ಆ ಪ್ರಶ್ನೆ ಎದುರಾಗುವುದೇ ಅಪರೂಪ. ಗಂಡನಿಗೆ ವರ್ಗವಾದರೆ ಹೆಂಡತಿ ಕೆಲಸ ಬಿಟ್ಟು ಹೊರಡುವುದನ್ನು ಸಹಜವೆಂದು ಒಪ್ಪುವ ನಾವೇ, ಹೆಂಡತಿ ಹೊರಟಾಗ ಗಂಡನ ಕೆಲಸದ ಗತಿಯೇನೆಂದು ಕೇಳುತ್ತೇವೆ. ಚರ್ಚೆಯ ಹೆಚ್ಚಿನ ಸಮಯ ಇದಕ್ಕೇ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ವಿದೇಶದಲ್ಲಿ ಕೆಲಸ ಮಾಡಿ ಬಂದವರು ಅಥವಾ ಅವಕಾಶ ಕೈತಪ್ಪಿದವರು ಅನುಭವ ಹಂಚಿಕೊಳ್ಳಲು ಸಿದ್ಧರಿದ್ದರೆ ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ. ಸಂಸ್ಥೆಯ ಹೆಸರು ಹೇಳುವುದು ಬೇಡ. ಬರುವವರೆಲ್ಲರೂ “ಬರುತ್ತೇನೆ” ಎಂದು ಉತ್ತರಿಸಿದರೆ ಕುರ್ಚಿ, ಕಾಫಿಯ ಏರ್ಪಾಡಿಗೆ ಅನುಕೂಲವಾಗುತ್ತದೆ.