ಗ್ರಾಮಸಭೆಯ ಕೂಗು ನಡಾವಳಿ ಪುಸ್ತಕಕ್ಕೆ ಏರುವುದಿಲ್ಲ

ಮಾನ್ಯ ಸಂಪಾದಕರೇ,

ಜಿಲ್ಲಾ ಪುಟಗಳಲ್ಲಿ ಗ್ರಾಮಸಭೆಯ ಸುದ್ದಿ ಬಹುಮಟ್ಟಿಗೆ ಎರಡೇ ಬಗೆಯ ತಲೆಬರಹ ಹೊತ್ತು ಬರುತ್ತದೆ: ‘ಅಧಿಕಾರಿಗಳ ಗೈರು, ಗ್ರಾಮಸ್ಥರ ಆಕ್ರೋಶ’ ಅಥವಾ ‘ಕೋರಂ ಕೊರತೆ, ಸಭೆ ಮುಂದೂಡಿಕೆ’. ಎರಡೂ ಸುಳ್ಳಲ್ಲ. ಆದರೆ ಮೂಡಿಗೆರೆ ತಾಲ್ಲೂಕಿನ ನಮ್ಮ ಭಾಗದಲ್ಲಿ ಇಂತಹ ಸಭೆಗಳನ್ನು ನೋಡುತ್ತ ಬಂದಿರುವ ನನಗೆ ಮೊದಲನೆಯ ಸುದ್ದಿಗೂ ಎರಡನೆಯದಕ್ಕೂ ಹತ್ತಿರದ ನಂಟಿದೆ ಅನ್ನಿಸುತ್ತದೆ. ಗದ್ದಲ ಎಬ್ಬಿಸಿದವರು ಮುಂದಿನ ಸಲವೂ ತಪ್ಪದೆ ಬರುತ್ತಾರೆ. ಅದನ್ನು ಹಿಂದಿನ ಸಾಲಿನಲ್ಲಿ ಕುಳಿತು ಕಂಡವರು ಬರುವುದನ್ನು ಬಿಡುತ್ತಾರೆ.

ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೆಂಬುದು ಹೊಸ ಮಾತೇನಲ್ಲ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬರುವುದಕ್ಕೂ ಮೊದಲೇ, ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಮುತುವರ್ಜಿಯಿಂದ 1983ರಲ್ಲಿ ರೂಪುಗೊಂಡ ಕಾಯ್ದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಕಂಡ ರಾಜ್ಯ ನಮ್ಮದು. ಈಗಿನ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆಯೂ ಗ್ರಾಮಸಭೆಯೂ ನಡೆಯಬೇಕು. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಯಿಂದ ಹಿಡಿದು ವರ್ಷದ ಕ್ರಿಯಾಯೋಜನೆಯವರೆಗೆ ಅನೇಕ ತೀರ್ಮಾನಗಳು ಅಲ್ಲಿಯೇ ಆಗಬೇಕು. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟು ಉಳಿದ ಶೇ 40ರ ಬಳಕೆಯನ್ನು ಸ್ಥಳೀಯ ಅಗತ್ಯಕ್ಕೆ ಬಿಟ್ಟಿತ್ತು. ಆ ‘ಸ್ಥಳೀಯ ಅಗತ್ಯ’ ಯಾವುದು ಎಂದು ಹೇಳಬೇಕಾದವರು ನಾವು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋದಾಗ, ಹಳ್ಳಿಯವರ ಮಾತು ಅಧಿಕೃತವಾಗಿ ದಾಖಲಾಗಲು ಉಳಿದಿದ್ದ ಜಾಗ ಇದೊಂದೇ.

ಇಷ್ಟೆಲ್ಲ ಅಧಿಕಾರವಿರುವ ಸಭೆಯಲ್ಲಿ ನಾವು ನಡೆದುಕೊಳ್ಳುವ ರೀತಿಯನ್ನು ನೋಡಿದರೆ ಬೇಸರವಾಗುತ್ತದೆ. ಮೂಡಿಗೆರೆ, ಸಕಲೇಶಪುರ, ಆಲೂರು ಭಾಗದವರಿಗೆ ಕಾಡಾನೆಯ ಸಮಸ್ಯೆಯನ್ನು ವಿವರಿಸಬೇಕಿಲ್ಲ. ಸಭೆಯಲ್ಲಿ ಆ ವಿಷಯ ಬಂದ ಕೂಡಲೇ ಏಳೆಂಟು ಮಂದಿ ಒಟ್ಟಿಗೆ ಎದ್ದು ನಿಂತು, ಅರಣ್ಯ ಇಲಾಖೆಯ ಪರವಾಗಿ ಬಂದು ಕುಳಿತ ಗಾರ್ಡ್ ಒಬ್ಬರ ಮೇಲೆ ಏಕವಚನದಲ್ಲಿ ಮುಗಿಬೀಳುತ್ತಾರೆ. ಆನೆಯನ್ನು ಸ್ಥಳಾಂತರಿಸುವ ಆದೇಶವನ್ನಾಗಲಿ, ಬೆಳೆಹಾನಿಯ ಪರಿಹಾರದ ದರವನ್ನಾಗಲಿ ತೀರ್ಮಾನಿಸುವವರು ಆ ಗಾರ್ಡ್ ಅಲ್ಲವೆಂದು ಕೂಗುವವರಿಗೂ ಗೊತ್ತಿದೆ. ಅವರು ರಾತ್ರಿ ಆನೆಯ ಹಿಂದೆ ಟಾರ್ಚ್ ಹಿಡಿದು ಓಡಾಡಿ, ಬೆಳಿಗ್ಗೆ ಬೈಗುಳ ಕೇಳಲು ಬಂದಿರುತ್ತಾರೆ. ಅರ್ಧ ಗಂಟೆ ಹೀಗೆಯೇ ಕಳೆದ ಮೇಲೆ ನಡಾವಳಿ ಪುಸ್ತಕದಲ್ಲಿ ಉಳಿಯುವುದು ‘ಕಾಡಾನೆ ಹಾವಳಿ ಬಗ್ಗೆ ಚರ್ಚಿಸಲಾಯಿತು’ ಎಂಬ ಒಂದು ಸಾಲು. ಯಾವ ಊರಿನ ಯಾವ ಹಾದಿಯಲ್ಲಿ ಆನೆ ಇಳಿಯುತ್ತಿದೆ, ಎಷ್ಟು ಜನರ ಪರಿಹಾರದ ಅರ್ಜಿಗಳು ಯಾವ ಕಚೇರಿಯಲ್ಲಿ ಉಳಿದುಕೊಂಡಿವೆ, ಶಾಲೆಗೆ ನಡೆದು ಹೋಗುವ ಮಕ್ಕಳಿಗೆ ಯಾವ ಸಮಯದಲ್ಲಿ ವಾಹನ ಬೇಕು ಎಂಬುದನ್ನು ಒಬ್ಬರಾದ ಮೇಲೊಬ್ಬರು ಹೇಳಿ ಠರಾವಾಗಿ ಬರೆಸಿದ್ದರೆ, ಅದಕ್ಕೆ ಮೇಲಿನ ಕಚೇರಿಯವರು ಲಿಖಿತ ಉತ್ತರ ಕೊಡಲೇಬೇಕೆಂದು ಪಟ್ಟು ಹಿಡಿಯಬಹುದಿತ್ತು. ಕೂಗಿಗೆ ಯಾರೂ ಲಿಖಿತ ಉತ್ತರ ಕೊಡಬೇಕಾಗಿಲ್ಲ. ಅಧಿಕಾರಿಗಳಿಗೆ ಅದರಷ್ಟು ಅನುಕೂಲದ ಪ್ರತಿಭಟನೆ ಇನ್ನೊಂದಿಲ್ಲವೆಂದೇ ನನ್ನ ಅನುಮಾನ.

ಸಭ್ಯತೆಯ ಮಾತನ್ನು ಜನರ ಬಾಯಿ ಮುಚ್ಚಿಸಲು ಬಳಸುವವರೂ ಇದ್ದಾರೆ, ಅವರ ಪರವಾಗಿ ನಾನು ಬರೆಯುತ್ತಿಲ್ಲ. ನೋಟಿಸ್ ತಲುಪಿದ್ದರೂ ಸಭೆಗೆ ಬಾರದೆ ಕಿರಿಯ ನೌಕರರನ್ನು ಮುಂದೆ ತಳ್ಳುವುದು, ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಅವರ ಪತಿ ಕುಳಿತು ಪ್ರಶ್ನೆಗಳಿಗೆಲ್ಲ ತಾವೇ ಉತ್ತರಿಸುವುದು, ಹಿಂದಿನ ಸಭೆಯ ಠರಾವುಗಳು ಏನಾದವೆಂದು ಓದದೆಯೇ ಹೊಸ ಪಟ್ಟಿ ತೆಗೆಯುವುದು, ಇವೂ ಸಭಾಮರ್ಯಾದೆಯ ಉಲ್ಲಂಘನೆಗಳೇ. ಎಷ್ಟೋ ಸಲ ಜನರ ಸಿಟ್ಟು ಹುಟ್ಟುವುದು ಇಲ್ಲಿಂದಲೇ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯದಲ್ಲಿ ಆಯ್ಕೆಯಾದ ಹೆಣ್ಣುಮಗಳು ತನ್ನ ಊರಿನ ಸಭೆಯಲ್ಲಿ ಬಾಯಿ ತೆರೆಯಲಾಗದಿದ್ದರೆ, ಸಭಿಕರ ಸಾಲಿನಲ್ಲಿ ಕುಳಿತ ಹೆಂಗಸರು ಏನನ್ನು ಕೇಳಿಯಾರು?

ಯಾರು ಬರುತ್ತಿಲ್ಲ ಎಂಬುದನ್ನೂ ನೋಡಬೇಕು. ಬಯಲುಸೀಮೆಯ ಕಡೂರಿನ ಕಡೆಯ ಊರುಗಳಲ್ಲಿ ಮನೆಗಳು ಒತ್ತಿಕೊಂಡಿರುತ್ತವೆ, ಡಂಗುರ ಸಾರಿದರೆ ಅರಳಿಕಟ್ಟೆಯ ಬಳಿ ಜನ ಸೇರುತ್ತಾರೆ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿಯಬೇಕು. ಸಭೆಯ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದವರಿಗೆ ಮಾತ್ರ ತಲುಪುತ್ತದೆ. ಕಾಫಿ ಕೊಯ್ಲು ನಡೆಯುವ ಡಿಸೆಂಬರ್, ಜನವರಿಯಲ್ಲಿ ವಾರದ ನಡುವೆ ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ತೋಟದ ಲೈನ್‌ಮನೆಗಳಲ್ಲಿ ವಾಸಿಸುವ ಕಾರ್ಮಿಕರು ಒಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ. ನಿವೇಶನ ಎಲ್ಲರಿಗಿಂತ ಹೆಚ್ಚು ಬೇಕಾಗಿರುವವರು ಅವರೇ. ಹಾಗೂ ಹೀಗೂ ಬಂದು ಹಿಂದೆ ನಿಂತವರೊಬ್ಬರು ಹಕ್ಕುಪತ್ರದ ಮಾತೆತ್ತಿದರೆ, ‘ನಿಂದು ಆಮೇಲೆ ನೋಡಾಣ, ಕೂತ್ಕೊ’ ಎನ್ನುವ ದನಿ ವೇದಿಕೆಯಿಂದ ಬರುವುದಕ್ಕೂ ಮೊದಲು ನಮ್ಮ ಮುಂದಿನ ಸಾಲಿನಿಂದಲೇ ಬರುತ್ತದೆ.

ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯನ್ನು ನೋಡಿದವರಿಗೆ ಇನ್ನೊಂದು ಚಿತ್ರ ಕಾಣುತ್ತದೆ. ಅಲ್ಲಿ ಹುಡುಗಿಯರು ಕೈ ಎತ್ತಿ, ಸರದಿ ಬಂದಾಗ ಎದ್ದು, ಶೌಚಾಲಯಕ್ಕೆ ನೀರು ಏಕಿಲ್ಲ, ಸಂಜೆಯ ಬಸ್ಸು ಏಕೆ ನಿಂತಿತು ಎಂದು ನೇರವಾಗಿ ಕೇಳುತ್ತಾರೆ. ಉತ್ತರ ಹಾರಿಕೆಯದಾಗಿದ್ದರೆ ಇನ್ನೊಂದು ಹುಡುಗಿ ಎದ್ದು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾಳೆ. ಏರುದನಿಯಿಲ್ಲದೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬೆವರುವುದನ್ನು ನಾನು ಕಂಡದ್ದು ಆ ಸಭೆಯಲ್ಲಿಯೇ.

ಆದ್ದರಿಂದ ನನ್ನ ಕೋರಿಕೆಗಳು ಸಣ್ಣವು. ಪಂಚಾಯಿತಿಗಳು ಕೊಯ್ಲಿನ ತಿಂಗಳುಗಳನ್ನು ಬಿಟ್ಟು, ತೋಟಗಳಿಗೆ ವಾರದ ರಜೆ ಇರುವ ದಿನ ಸಭೆ ಕರೆಯಲಿ. ಅದು ಭಾನುವಾರವಾದರೆ ನೌಕರರಿಗೆ ಬದಲಿ ರಜೆ ಕೊಡುವುದು ಕಷ್ಟವೇನಲ್ಲ. ಹಿಂದಿನ ನಡಾವಳಿಯನ್ನು ಮೊದಲು ಗಟ್ಟಿಯಾಗಿ ಓದಲಿ. ಹಿಂದಿನ ಸಾಲಿನವರು ಮಾತಾಡಿದ ಮೇಲೆ ಮುಂದಿನ ಸಾಲಿನವರಿಗೆ ಮೈಕು ಕೊಡುವ ಪದ್ಧತಿಯನ್ನು ಒಂದೆರಡು ಪಂಚಾಯಿತಿಗಳಾದರೂ ಪ್ರಯತ್ನಿಸಿ ನೋಡಲಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಗೆ, ಅಂದರೆ ಪಂಚಾಯಿತಿಯ ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಜನರೆದುರು ಪರಿಶೀಲಿಸುವ ದಿನಕ್ಕೆ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಮಾತಾಡುವ ನಮ್ಮ ಗೆಳೆಯರೂ ದಯವಿಟ್ಟು ಬರಲಿ. ಅಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು.

ಕಡೆಯದಾಗಿ, ಸಂಪಾದಕರೇ, ತಮ್ಮ ಪತ್ರಿಕೆಗೂ ಒಂದು ವಿನಂತಿ. ಗ್ರಾಮಸಭೆಯಲ್ಲಿ ಯಾರು ಯಾರನ್ನು ತರಾಟೆಗೆ ತೆಗೆದುಕೊಂಡರು ಎಂಬುದರ ಜೊತೆಗೆ ಯಾವ ಠರಾವು ಆಯಿತು ಎಂಬುದನ್ನೂ ನಾಲ್ಕು ಸಾಲಿನಲ್ಲಿ ಪ್ರಕಟಿಸಿ, ಆರು ತಿಂಗಳ ನಂತರ ತಮ್ಮ ವರದಿಗಾರರನ್ನು ಅದೇ ಊರಿಗೆ ಕಳುಹಿಸಿ ಅದು ಏನಾಯಿತೆಂದು ವಿಚಾರಿಸಿ ಬರೆಸಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಮೂಡಿಗೆರೆ ತಾಲ್ಲೂಕು